ಯಾವ ವಿಭಾಗದಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಕೇಳಿ, ಹೇಳುತ್ತೇನೆ

ಬಳಗದ ನಿರ್ವಾಹಕರು: ಸ್ನಾತಕೋತ್ತರ ಪ್ರವೇಶದ ಕಾಲ ಬಂತು. ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕು ಎಂದು ದಿನವೂ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದಾರೆ. ವಿಶ್ವವಿದ್ಯಾಲಯದ ಶೈಕ್ಷಣಿಕ ಶಾಖೆಯಲ್ಲಿ ಪಠ್ಯಕ್ರಮ, ಅಧ್ಯಯನ ಮಂಡಳಿ, ಪ್ರವೇಶ ಇವುಗಳ ಕಡತಗಳ ನಡುವೆಯೇ ಸೇವೆ ಮುಗಿಸಿ ಅಧೀಕ್ಷಕಿಯಾಗಿ ನಿವೃತ್ತರಾದ, ಈಗ ಧಾರವಾಡದ ಸಪ್ತಾಪುರದಲ್ಲಿರುವ ಮೇಡಂ ಉತ್ತರಿಸಲು ಒಪ್ಪಿದ್ದಾರೆ. ಕೇಳುವವರು ಊರು, ಓದಿದ ಪದವಿ ಎರಡನ್ನೂ ಬರೆಯಿರಿ. "ಸ್ಕೋಪ್ ಇದೆಯಾ" ಎಂದಷ್ಟೇ ಕೇಳಿದರೆ ಉತ್ತರ ಕೊಡುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ಪ್ರಶ್ನೆ (ರಾಣೆಬೆನ್ನೂರು, ಬಿ.ಎ.): ಮೇಡಂ, ನಮಸ್ಕಾರ. ಇತಿಹಾಸ, ಕನ್ನಡ ತೆಗೆದುಕೊಂಡು ಪದವಿ ಮುಗಿಸಿದ್ದೇನೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ವ ಒಂದು ವಿಭಾಗ, ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ಇನ್ನೊಂದು ವಿಭಾಗ. ಎರಡೂ ಇತಿಹಾಸವೇ ಅಲ್ಲವೇ? ಯಾವುದಕ್ಕೆ ಹಾಕಲಿ?

ಉತ್ತರ: ತಮ್ಮಾ, ಅರ್ಜಿಯನ್ನು ಎರಡಕ್ಕೂ ಹಾಕು, ಅದರಲ್ಲಿ ನಷ್ಟವಿಲ್ಲ. ಆದರೆ ಸೀಟು ಬಂದ ದಿನ ಯಾವುದನ್ನು ಹಿಡಿಯಬೇಕು ಎಂಬುದನ್ನು ಇಂದೇ ತೀರ್ಮಾನಿಸಿಕೋ. ಆಯ್ಕೆಯ ಮೇಜಿನ ಮುಂದೆ ನಿಂತು ಪಕ್ಕದವನ ಮುಖ ನೋಡಿ ತೀರ್ಮಾನಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಧಾರವಾಡದಲ್ಲಿ ಶಾಸನಗಳ ಅಧ್ಯಯನ ವಿಶ್ವವಿದ್ಯಾಲಯಕ್ಕಿಂತ ಹಳೆಯದು. ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಕನ್ನಡ ಸಂಶೋಧನಾ ಸಂಸ್ಥೆ ಇಲ್ಲಿ 1939ರಲ್ಲೇ ಶುರುವಾಗಿತ್ತು. ಅಂಥ ನೆಲದಲ್ಲಿ ಶಾಸನಕ್ಕೆ ಪ್ರತ್ಯೇಕ ವಿಭಾಗವಿರುವುದು ಸಹಜವೇ. ಅಲ್ಲಿ ಒತ್ತು ಬೀಳುವುದು ಲಿಪಿ, ನಾಣ್ಯ, ಮೂರ್ತಿಶಿಲ್ಪ, ದೇವಾಲಯ ವಾಸ್ತು ಇವುಗಳ ಮೇಲೆ. ಇತಿಹಾಸ ವಿಭಾಗದಲ್ಲಿ ಆಧುನಿಕ ಭಾರತ, ಏಕೀಕರಣ, ಇತಿಹಾಸ ಲೇಖನ, ಹೊರದೇಶಗಳ ಚರಿತ್ರೆ ಇವಕ್ಕೆಲ್ಲ ಜಾಗ ಹೆಚ್ಚು.

ನಿನಗೆ ಯಾವುದು ಒಗ್ಗುತ್ತದೆ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಗದಗದಿಂದ ಲಕ್ಕುಂಡಿಗೆ ಬಸ್ಸು ಹಿಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಹತ್ತಿರ ಹೋಗಿ ಶಾಸನದ ಕಲ್ಲಿನ ಮುಂದೆ ಕುಳಿತುಕೋ. ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯುವವರು ಮೊದಲು ಕುಂಚದಿಂದ ಕಲ್ಲನ್ನು ತೊಳೆಯುತ್ತಾರೆ, ನೆನೆಸಿದ ಕಾಗದವನ್ನು ಮೇಲೆ ಹಾಸುತ್ತಾರೆ, ಗಡುಸು ಕುಂಚದಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ತಗ್ಗಿನೊಳಗೆ ಇಳಿಸುತ್ತಾರೆ, ಆಮೇಲೆ ಮಸಿ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಂದು ಸಾಲು ಓದಲು ಇಡೀ ಮಧ್ಯಾಹ್ನ ಹೋದರೂ ಬೇಸರವಾಗದಿದ್ದರೆ ಶಾಸನಶಾಸ್ತ್ರ ನಿನ್ನದು. ಕೈಗಡಿಯಾರ ನೋಡಿಕೊಳ್ಳುವಂತಾದರೆ ಇತಿಹಾಸ ವಿಭಾಗವೇ ವಾಸಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನೌಕರಿಯ ಲೆಕ್ಕ ಬೇರೆ. ಉಪನ್ಯಾಸಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲಿ ಇತಿಹಾಸ, ಪುರಾತತ್ವ, ಭಾರತೀಯ ಸಂಸ್ಕೃತಿ ಮೂರೂ ಬೇರೆಬೇರೆ ವಿಷಯಗಳು. ಉಪನ್ಯಾಸಕರ ನೇಮಕಾತಿ ಅಧಿಸೂಚನೆಯಲ್ಲಿ ಇತಿಹಾಸದ ಹುದ್ದೆಗೆ ಯಾವ ಯಾವ ಎಂ.ಎ.ಗಳನ್ನು ಒಪ್ಪುತ್ತಾರೆ ಎಂಬ ಸಾಲು ಇರುತ್ತದೆ. ಹಿಂದಿನ ಅಧಿಸೂಚನೆಯನ್ನು ಹುಡುಕಿ ಆ ಸಾಲನ್ನು ಓದಿದ ಮೇಲೆಯೇ ಹಣ ತುಂಬು.

ಪ್ರಶ್ನೆ (ಅದೇ ವಿದ್ಯಾರ್ಥಿ): ಕನ್ನಡ ಎಂ.ಎ. ಮಾಡಿದರೆ ಶಾಸನ ಬಿಟ್ಟಂತೆಯೇ?

ಉತ್ತರ: ಹಾಗೇನಿಲ್ಲ. ಶಾಸನಗಳ ಬಗ್ಗೆ ಅಷ್ಟೆಲ್ಲ ಕೆಲಸ ಮಾಡಿದ ಎಂ.ಎಂ. ಕಲಬುರ್ಗಿಯವರು ಪಾಠ ಹೇಳುತ್ತಿದ್ದದ್ದು ಕನ್ನಡ ವಿಭಾಗದಲ್ಲಿ. ವಿಷಯ ಒಂದೇ ವಿಭಾಗದ ಗೋಡೆಯೊಳಗೆ ಇರುವುದಿಲ್ಲ. ಆದ್ದರಿಂದ ವಿಭಾಗದ ಹೆಸರು ಓದಿ ನಿಲ್ಲಬೇಡ, ಪತ್ರಿಕೆಗಳ, ಅಂದರೆ ಪ್ರತಿ ಸೆಮಿಸ್ಟರಿನಲ್ಲಿ ಕಲಿಸುವ ಪೇಪರುಗಳ, ಪಟ್ಟಿ ಓದು. ಇವತ್ತು ಎಲ್ಲರಿಗೂ ನಾನು ಹೇಳುವುದು ಇದನ್ನೇ, ಬೇಸರಪಡಬೇಡಿ.

ಪ್ರಶ್ನೆ (ಗದಗ, ಬಿ.ಎಸ್ಸಿ. ವಿದ್ಯಾರ್ಥಿನಿಯ ತಾಯಿ): ಮೇಡಂ, ಮಗಳು ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದ್ದಾಳೆ. ಜೆನೆಟಿಕ್ಸ್ ಓದಬೇಕು ಎನ್ನುತ್ತಾಳೆ. ಜೆನೆಟಿಕ್ಸ್ ವಿಭಾಗ ಎಲ್ಲಿದೆ? ಕೃಷಿ ವಿಶ್ವವಿದ್ಯಾಲಯದಲ್ಲಿ ಇದೆ ಎಂದು ಮನೆಯವರು ಹೇಳುತ್ತಾರೆ.

ಉತ್ತರ: ಮನೆಯವರು ಹೇಳಿದ್ದು ಸುಳ್ಳಲ್ಲ, ಆದರೆ ಆ ಬಾಗಿಲು ನಿಮ್ಮ ಮಗಳಿಗೆ ತೆರೆಯುವುದು ಕಷ್ಟ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿರುವುದು ಅನುವಂಶೀಯತೆ ಮತ್ತು ಸಸ್ಯ ತಳಿ ಅಭಿವೃದ್ಧಿ. ಹತ್ತಿಯ ತಳಿ, ಜೋಳದ ತಳಿ, ಹೊಲದಲ್ಲಿ ಪರಾಗಸ್ಪರ್ಶ ಮಾಡಿಸುವುದು, ಅಂಥ ಕೆಲಸ. ಅಲ್ಲಿನ ಎಂ.ಎಸ್ಸಿ. ಕೃಷಿಗೆ ಬಿ.ಎಸ್ಸಿ. ಕೃಷಿ ಓದಿರಬೇಕು, ಅದಕ್ಕೆ ಪಿಯುಸಿ ಆದ ಕೂಡಲೇ ಸಿಇಟಿ ಮೂಲಕ ಹೋಗಬೇಕಿತ್ತು. ರೈತರ ಮಕ್ಕಳ ಕೋಟಾದವರಿಗೆ ಬೀಜ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ನಿಮಗೆ ಕಿರಿಯ ಮಕ್ಕಳಿದ್ದರೆ ನೆನಪಿಡಿ.

ಈಗ ನಿಮ್ಮ ಮಗಳು ನೋಡಬೇಕಾದದ್ದು ಕರ್ನಾಟಕ ವಿಶ್ವವಿದ್ಯಾಲಯದ ಅನ್ವಯಿಕ ತಳಿಶಾಸ್ತ್ರ (ಅಪ್ಲೈಡ್ ಜೆನೆಟಿಕ್ಸ್), ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ ಮತ್ತು ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಇವುಗಳ ಪಠ್ಯಕ್ರಮ. ನಾಲ್ಕನ್ನೂ ತೆರೆದಿಟ್ಟುಕೊಂಡು ಜೀನ್, ವರ್ಣತಂತು, ಅಣುಜೀವಶಾಸ್ತ್ರ ಎಂಬ ಮಾತುಗಳು ಯಾವ ಸೆಮಿಸ್ಟರಿನಲ್ಲಿ ಎಷ್ಟು ಪತ್ರಿಕೆಯಲ್ಲಿ ಬರುತ್ತವೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಲಿ. ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಯಾವ ಪ್ರಯೋಗಾಲಯದಲ್ಲಿ ನಡೆಯುತ್ತದೆ ಎಂಬುದನ್ನು ಅಲ್ಲಿ ಓದುತ್ತಿರುವ ಹುಡುಗಿಯರನ್ನೇ ಕೇಳಲಿ. ಅವರು ಹೇಳುವ ಸತ್ಯ ಯಾವ ಕೈಪಿಡಿಯಲ್ಲೂ ಅಚ್ಚಾಗುವುದಿಲ್ಲ.

ಪಟ್ಟಿ ಓದುವಾಗ ಕ್ರೆಡಿಟ್ ಲೆಕ್ಕ ತಿಳಿದಿರಬೇಕು. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್; ಪ್ರಯೋಗಾಲಯವಾದರೆ ಎರಡು ಗಂಟೆಗೆ ಒಂದು ಕ್ರೆಡಿಟ್. ಪತ್ರಿಕೆಯ ಹೆಸರಿನ ಮುಂದೆ 3-0-2 ಎಂದಿದ್ದರೆ ಮೂರು ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಪ್ರಯೋಗ. ಒಟ್ಟು ನಾಲ್ಕು ಕ್ರೆಡಿಟ್. ಕೃಷಿ ವಿಶ್ವವಿದ್ಯಾಲಯದವರು ಬರೆಯುವ ರೀತಿ ಬೇರೆ: 2+1 ಎಂದರೆ ಎರಡು ಪಾಠದ ಕ್ರೆಡಿಟ್, ಒಂದು ಪ್ರಯೋಗದ್ದು. ಜೆನೆಟಿಕ್ಸ್ ಎಂಬ ಹೆಸರಿದ್ದು ಪ್ರಯೋಗದ ಅಂಕಿಯ ಜಾಗದಲ್ಲಿ ಸೊನ್ನೆ ಇದ್ದರೆ, ಅದರ ಪ್ರಯೋಗಕ್ಕೆ ಬೇರೆ ಪತ್ರಿಕೆ ಇದೆಯೇ ಎಂದು ಕೆಳಗಿನ ಸಾಲುಗಳಲ್ಲಿ ಹುಡುಕಿ. ಅಲ್ಲೂ ಇರದಿದ್ದರೆ ಅದು ಬೋರ್ಡಿನ ಮೇಲಿನ ಜೆನೆಟಿಕ್ಸ್ ಅಷ್ಟೇ.

ಪ್ರಶ್ನೆ (ಧಾರವಾಡ, ಎಂ.ಕಾಂ. ಮೊದಲ ವರ್ಷ): ಮೇಡಂ, ಮುಂದಿನ ಸೆಮಿಸ್ಟರಿಗೆ ಬೇರೆ ವಿಭಾಗದಿಂದ ಒಂದು ಮುಕ್ತ ಐಚ್ಛಿಕ ಪತ್ರಿಕೆ ಆರಿಸಬೇಕು. ಯೋಗ ತೆಗೆದುಕೋ, ಅಂಕ ಸುಲಭ ಎಂದು ಸ್ನೇಹಿತರೆಲ್ಲ ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಯೋಗವನ್ನು ಯೋಗಕ್ಕಾಗಿ ಕಲಿಯುವುದಾದರೆ ತೆಗೆದುಕೋ ತಂಗೀ. ಅಂಕಕ್ಕಾಗಿಯಾದರೆ ಬೇಡ. ಇಡೀ ಕ್ಯಾಂಪಸ್ಸು ಅದೇ ಯೋಚನೆ ಮಾಡಿ ಅಲ್ಲಿಗೇ ನುಗ್ಗುತ್ತದೆ, ಸೀಟು ಮುಗಿದ ಮೇಲೆ ಉಳಿದವರನ್ನು ಎಲ್ಲಿ ಜಾಗವಿದೆಯೋ ಅಲ್ಲಿಗೆ ತಳ್ಳುತ್ತಾರೆ. ಬೇಡದ ಪತ್ರಿಕೆ ಕುತ್ತಿಗೆಗೆ ಬೀಳುವುದು ಹೀಗೆ.

ಮುಕ್ತ ಐಚ್ಛಿಕ ಎಂಬುದನ್ನು ನಮ್ಮ ಮಕ್ಕಳು ಊಟದ ಎಲೆಯ ತುದಿಯ ಉಪ್ಪಿನಕಾಯಿ ಎಂದು ತಿಳಿದಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ವಾಣಿಜ್ಯ ಓದುವವಳಿಗೆ ಪಾವಟೆ ನಗರದ ಕ್ಯಾಂಪಸ್ಸಿನಲ್ಲಿ ಭೂಗೋಳ, ಮನೋವಿಜ್ಞಾನ, ಸಂಖ್ಯಾಶಾಸ್ತ್ರ, ಪತ್ರಿಕೋದ್ಯಮ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಸಿಗುವುದು ಈ ಎರಡು ವರ್ಷ ಮಾತ್ರ. ಮುಂದೆ ಅದನ್ನೇ ಕಲಿಯಬೇಕೆಂದರೆ ದುಡ್ಡು ಕಟ್ಟಿ ಆನ್‌ಲೈನ್ ಕೋರ್ಸ್ ಹುಡುಕಬೇಕು. ನನ್ನನ್ನು ಕೇಳಿದರೆ ಸಂಖ್ಯಾಶಾಸ್ತ್ರ. ಹೊರಗಿನ ವಿದ್ಯಾರ್ಥಿಗಳಿಗಾಗಿ ಮಾಡುವ ಪತ್ರಿಕೆಯಲ್ಲಿ ಗಣಿತ ಕಡಿಮೆ, ಬಳಕೆ ಹೆಚ್ಚು.

ಆಯ್ಕೆಗೆ ಮುನ್ನ ಆ ವಿಭಾಗದ ಕಚೇರಿಗೇ ಹೋಗಿ, ಹಿಂದಿನ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡು. ವಾಣಿಜ್ಯದವರಿಗೆ ಅರ್ಥವಾಗುವ ಪ್ರಶ್ನೆಯೋ, ಆ ವಿಭಾಗದವರಿಗೆಂದೇ ಬರೆದ ಪ್ರಶ್ನೆಯೋ ಎಂಬುದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಉತ್ತರ ಯಾವ ಭಾಷೆಯಲ್ಲಿ ಬರೆಯಬಹುದು ಎಂಬುದನ್ನೂ ಅಲ್ಲೇ ಕೇಳು. ಕನ್ನಡದಲ್ಲಿ ಬರೆಯಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ ಪರೀಕ್ಷೆಯ ದಿನ ಪರದಾಡಬಾರದು.

ಪ್ರತಿಕ್ರಿಯೆ (ಹಾವೇರಿ, ಭೂಗೋಳ ಉಪನ್ಯಾಸಕ): ಮೇಡಂ, ಸಂಖ್ಯಾಶಾಸ್ತ್ರಕ್ಕೆ ಜನ ಹೆದರಿದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ನಮ್ಮ ಜಿಐಎಸ್ ಪತ್ರಿಕೆಗೆ ಕಳಿಸಿ. ನಕ್ಷೆಯ ಮೇಲೆ ಬ್ಯಾಂಕ್ ಶಾಖೆ, ಮಾರುಕಟ್ಟೆ, ಗೋದಾಮು ಗುರುತಿಸುವುದನ್ನು ವಾಣಿಜ್ಯದ ಮಕ್ಕಳು ಬೇಗ ಕಲಿಯುತ್ತಾರೆ.

ಉತ್ತರ: ಒಪ್ಪಿದೆ ಸರ್. ಆದರೆ ಕಂಪ್ಯೂಟರುಗಳು ನಿಮ್ಮ ವಿಭಾಗದ ಮಕ್ಕಳಿಗೆ ಸಾಲುತ್ತವೆಯೇ, ಹೊರಗಿನವರಿಗೂ ಕೈಗೆ ಸಿಗುತ್ತವೆಯೇ ಎಂಬುದನ್ನೂ ಹೇಳಿಬಿಡಿ!

ಪ್ರಶ್ನೆ (ಹುಬ್ಬಳ್ಳಿ, ಎಂ.ಎ. ಎರಡನೆಯ ವರ್ಷ): ಮೇಡಂ, ಒಂದು ಕಾಲೇಜಿನ ಸ್ನಾತಕೋತ್ತರ ಕೇಂದ್ರದಲ್ಲಿ ಓದುತ್ತಿದ್ದೇನೆ. ಸೇರುವಾಗ ತೋರಿಸಿದ ಪಠ್ಯಕ್ರಮದಲ್ಲಿ ಮೂರು ಐಚ್ಛಿಕ ಪತ್ರಿಕೆಗಳಿದ್ದವು. ಈಗ ಒಂದೇ ಇದೆ, ಅದನ್ನೇ ತೆಗೆದುಕೊಳ್ಳಬೇಕು ಎನ್ನುತ್ತಾರೆ. ಇದು ಮೋಸವಲ್ಲವೇ?

ಉತ್ತರ: ಮೋಸ ಎನ್ನಲು ಆಗುವುದಿಲ್ಲ, ಅನ್ಯಾಯ ಎನ್ನಬಹುದು. ಪಠ್ಯಕ್ರಮದಲ್ಲಿ ಅಚ್ಚಾಗಿರುವುದು ಕಲಿಸಲು ಅನುಮತಿ ಇರುವ ಪತ್ರಿಕೆಗಳು. ಈ ವರ್ಷ ಕಲಿಸುವ ಪತ್ರಿಕೆಗಳು ಯಾವುವು ಎಂಬುದು ಬೇರೆ ಮಾತು. ನಡುವೆ ಎಷ್ಟೋ ನಡೆಯುತ್ತದೆ. ಅಧ್ಯಯನ ಮಂಡಳಿಯವರು ಪಠ್ಯಕ್ರಮ ಬರೆಯುವಾಗ ಆ ವಿಷಯ ಬಲ್ಲ ಪ್ರಾಧ್ಯಾಪಕರು ಇದ್ದರು ಎಂದಿಟ್ಟುಕೋ. ಅವರು ನಿವೃತ್ತರಾದರು. ಆ ಹುದ್ದೆ ತುಂಬಲಿಲ್ಲ. ಅತಿಥಿ ಉಪನ್ಯಾಸಕರು ಬಂದರು, ಅವರಿಗೆ ಬೇರೆ ಪತ್ರಿಕೆಗಳ ಹೊರೆಯೇ ಸಾಕಾಗಿದೆ. ಐಚ್ಛಿಕಕ್ಕೆ ಹೆಸರು ಕೊಟ್ಟವರು ಬೆರಳೆಣಿಕೆಯಷ್ಟು. ವಿಭಾಗದವರು ಸಭೆ ಸೇರಿ ಒಂದೇ ಪತ್ರಿಕೆ ನಡೆಸೋಣ ಎಂದು ಮುಗಿಸುತ್ತಾರೆ. ಪಠ್ಯಕ್ರಮದಲ್ಲಿ ಮೂರೂ ಹಾಗೆಯೇ ಉಳಿಯುತ್ತವೆ, ಮುಂದಿನ ವರ್ಷದ ಮಕ್ಕಳೂ ಅದನ್ನೇ ಓದಿ ಸೇರುತ್ತಾರೆ.

ನೀನು ಒಬ್ಬನೇ ಹೋಗಿ ಜಗಳ ತೆಗೆದರೆ ಪ್ರಯೋಜನವಿಲ್ಲ. ಅದೇ ಪತ್ರಿಕೆ ಬೇಕೆನ್ನುವವರೆಲ್ಲ ಸಹಿ ಮಾಡಿ ಸೆಮಿಸ್ಟರಿನ ಮೊದಲ ವಾರದಲ್ಲೇ ಅರ್ಜಿ ಕೊಡಿ. ವೇಳಾಪಟ್ಟಿ ಗಟ್ಟಿಯಾದ ಮೇಲೆ ಯಾರೂ ಅಲುಗಾಡುವುದಿಲ್ಲ. ಆಗದಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ "ಸ್ವಯಂ" ಜಾಲತಾಣದಲ್ಲಿ ಅದೇ ವಿಷಯದ ಕೋರ್ಸ್ ಇದ್ದು, ಅದರ ಕ್ರೆಡಿಟ್ಟನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಕೇಳು. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೋ. ಬಾಯಿಮಾತಿನ ಒಪ್ಪಿಗೆ ಅಂಕಪಟ್ಟಿಯಲ್ಲಿ ಮೂಡುವುದಿಲ್ಲ.

ಹೊಸದಾಗಿ ಸೇರುವವರಿಗೆ: ಪಠ್ಯಕ್ರಮದ ಜೊತೆಗೆ ಕಳೆದ ಸೆಮಿಸ್ಟರಿನ ವೇಳಾಪಟ್ಟಿಯನ್ನೂ ಕೇಳಿ. ವಿಭಾಗದ ಸೂಚನಾ ಫಲಕದಲ್ಲಿ ಅದು ತೂಗಾಡುತ್ತಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನಿಜವಾಗಿ ಯಾವ ಪಾಠ ನಡೆಯಿತು, ಯಾರು ನಡೆಸಿದರು ಎಂಬುದು ಅದರಲ್ಲಿರುತ್ತದೆ. ಹಾಗೆಯೇ ಪಠ್ಯಕ್ರಮದ ಮೊದಲ ಪುಟದಲ್ಲಿರುವ ವರ್ಷ ನೋಡಿ. ಪದವಿಯ ಮಟ್ಟದಲ್ಲಂತೂ ಈ ಗೊಂದಲ ವಿಪರೀತ: 2021-22ರಿಂದ 2023-24ರವರೆಗೆ ಸೇರಿದವರದು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ, 2024-25ರಿಂದ ಸೇರಿದವರದು ರಾಜ್ಯದ ಮೂರು ವರ್ಷದ ಪದವಿಯ ಪಠ್ಯಕ್ರಮ. ಅಣ್ಣನ ಪುಸ್ತಕ ತಮ್ಮನಿಗೆ ಬರುವುದಿಲ್ಲ.

ಪ್ರಶ್ನೆ (ಸವಣೂರು, ಬಿ.ಎ.): ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನ ವಿಭಾಗದಲ್ಲಿ ಓದಿದರೆ ನ್ಯಾಯವಿಜ್ಞಾನ ಪ್ರಯೋಗಾಲಯದಲ್ಲಿ, ಅಂದರೆ ಎಫ್‌ಎಸ್‌ಎಲ್‌ನಲ್ಲಿ ಕೆಲಸ ಸಿಗುತ್ತದೆಯೇ?

ಉತ್ತರ: ಪ್ರಯೋಗಾಲಯದ ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಪದವಿ ಕೇಳುತ್ತಾರೆ. ಬಿ.ಎ. ತಳಹದಿಯ ಮೇಲೆ ಅಪರಾಧಶಾಸ್ತ್ರ ಓದಿದರೆ ಪೊಲೀಸ್, ಕಾರಾಗೃಹ, ಪರಿವೀಕ್ಷಣೆ (ಪ್ರೊಬೇಷನ್), ಸಮಾಜಕಾರ್ಯ ಈ ಕಡೆ ನೋಡು. ವಿಷಯ ಒಳ್ಳೆಯದು, ಆದರೆ ದೂರದರ್ಶನದಲ್ಲಿ ನೋಡಿದ ಕೆಲಸ ಅದಲ್ಲ.

ಪ್ರಶ್ನೆ (ಹಾವೇರಿ, ವಿದ್ಯಾರ್ಥಿನಿಯ ತಂದೆ): ನಮಸ್ಕಾರ ಮೇಡಂ. ಕೆರಿಮತ್ತಿಹಳ್ಳಿಯಲ್ಲಿ ನಮ್ಮದೇ ಹಾವೇರಿ ವಿಶ್ವವಿದ್ಯಾಲಯ ಆಗಿದೆ. ಮಗಳು ಮಾತ್ರ ಧಾರವಾಡವೇ ಬೇಕು ಎಂದು ಹಟ ಹಿಡಿದಿದ್ದಾಳೆ. ಹೊಸ ವಿಶ್ವವಿದ್ಯಾಲಯದ ಪದವಿಗೆ ಬೆಲೆ ಇರುತ್ತದೆಯೇ? ಮುಚ್ಚುತ್ತಾರೆ ಎಂಬ ಸುದ್ದಿಯೂ ಬಂದಿತ್ತು.

ಉತ್ತರ: ಯಜಮಾನರೇ, ರಾಜ್ಯದ ಕಾಯ್ದೆಯಿಂದ ಆದ ವಿಶ್ವವಿದ್ಯಾಲಯದ ಪದವಿಗೆ ಕಾನೂನಿನ ದೃಷ್ಟಿಯಲ್ಲಿ ಕಡಿಮೆ ಬೆಲೆ ಇಲ್ಲ. ಆ ಕ್ಯಾಂಪಸ್ಸು ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 2023ರಲ್ಲಿ ಸ್ವತಂತ್ರವಾಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದಿದ್ದು ನಿಜ. ಒಂದು ವಿಶ್ವವಿದ್ಯಾಲಯ ಇನ್ನೊಂದರಲ್ಲಿ ವಿಲೀನವಾದರೆ ಕಡತಗಳೂ ವಿದ್ಯಾರ್ಥಿಗಳೂ ಒಟ್ಟಿಗೇ ಹೋಗುತ್ತವೆ. ಓದುತ್ತಿರುವವರನ್ನು ಬೀದಿಗೆ ಬಿಡಲು ಬರುವುದಿಲ್ಲ. ಆ ಭಯದಿಂದ ತೀರ್ಮಾನಿಸಬೇಡಿ.

ನೋಡಬೇಕಾದದ್ದು ಬೇರೆ. ಮಗಳಿಗೆ ಬೇಕಾದ ವಿಷಯ ಹಾವೇರಿಯಲ್ಲಿ ಇದೆಯೇ? ಕನ್ನಡ, ವಾಣಿಜ್ಯದಂಥ ಎಲ್ಲೆಡೆ ಸಿಗುವ ವಿಷಯವಾದರೆ ಮನೆಯಿಂದ ಓಡಾಡಿ ಓದಲಿ. ಹಾಸ್ಟೆಲಿನ ಖರ್ಚು ಉಳಿಯುತ್ತದೆ, ಅದರಲ್ಲಿ ಪುಸ್ತಕ ಕೊಡಿಸಿ. ಮಾನವಶಾಸ್ತ್ರ, ಭೂಗರ್ಭಶಾಸ್ತ್ರ, ಸಂಸ್ಕೃತ, ಮರಾಠಿ ಇಂಥವಾದರೆ ಧಾರವಾಡಕ್ಕೆ ಬರಲೇಬೇಕು. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಷ್ಟೋ ಮಕ್ಕಳಿಗೆ ಧಾರವಾಡ ಬೇಕಾಗುವುದು ವಿಭಾಗಕ್ಕಾಗಿ ಅಲ್ಲ, ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗಾಗಿ. ಬೆಳಿಗ್ಗೆ ತರಗತಿಯಲ್ಲಿ ಹಾಜರಿ, ಸಂಜೆ ಕೆಎಎಸ್ ಪಾಠ. ನನ್ನ ಮನೆಯ ಮುಂದೆಯೇ ದಿನವೂ ಆ ಮೆರವಣಿಗೆ ಹೋಗುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮಗಳ ಮನಸ್ಸಿನಲ್ಲಿ ಅದೇ ಇದ್ದರೆ ಕೂತು ಮಾತಾಡಿ. ಹಟ ಯಾಕೆಂದು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಪ್ರಶ್ನೆ (ಮುಂಡರಗಿ, ಬಿ.ಎ.): ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದರೆ ಪಿಡಿಒ ಆಗಬಹುದೇ? ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ನಮಗೆ ದೂರವಲ್ಲ.

ಉತ್ತರ: ಪಿಡಿಒ ಹುದ್ದೆಗೆ ಯಾವುದಾದರೂ ಪದವಿ ಸಾಕು, ಅದು ನಿನ್ನ ಬಳಿ ಈಗಾಗಲೇ ಇದೆ. ಅದಕ್ಕಾಗಿಯೇ ಎಂ.ಎ. ಮಾಡಬೇಕಿಲ್ಲ. ಆದರೆ ಪಂಚಾಯಿತಿ ಹೇಗೆ ನಡೆಯುತ್ತದೆ ಎಂಬುದನ್ನು ಹಳ್ಳಿಗಳಲ್ಲೇ ನಿಂತು ಕಲಿಯುವ ಆಸೆ ಇದ್ದರೆ ಗದಗದ ಆ ವಿಶ್ವವಿದ್ಯಾಲಯವಿರುವ ನಾಗಾವಿಗೆ ಹೋಗು. ಅಲ್ಲಿ ಸಾಮಾನ್ಯ ವಿಶ್ವವಿದ್ಯಾಲಯದಂತೆ ಹತ್ತಾರು ವಿಭಾಗಗಳ ಸಾಲು ಇರುವುದಿಲ್ಲ. ಸಮಾಜಕಾರ್ಯವಾದರೂ, ಭೂಮಾಹಿತಿ ವಿಜ್ಞಾನವಾದರೂ, ನಿರ್ವಹಣೆಯಾದರೂ ಗ್ರಾಮದ ಕಡೆಗೆ ತಿರುಗಿಸಿಯೇ ಕಲಿಸುತ್ತಾರೆ. ಜಾನಪದ ವಿಶ್ವವಿದ್ಯಾಲಯ 2011ರದು, ಶಿಗ್ಗಾವಿ ತಾಲೂಕಿನಲ್ಲಿದೆ. ಕಲೆ, ಕ್ಷೇತ್ರಕಾರ್ಯದ ಒಲವಿದ್ದವರಿಗೆ ಸರಿ. ಇಂಥ ವಿಶೇಷ ವಿಶ್ವವಿದ್ಯಾಲಯಗಳಲ್ಲಿ ಒಂದು ಎಚ್ಚರ ಬೇಕು. ಗ್ರಾಮೀಣಾಭಿವೃದ್ಧಿ ಎಂ.ಎ. ಮಾಡಿದವರನ್ನು ಸಮಾಜಶಾಸ್ತ್ರದ ಉಪನ್ಯಾಸಕ ಹುದ್ದೆಗೆ ತಾನಾಗಿಯೇ ಪರಿಗಣಿಸುತ್ತಾರೆ ಎಂದುಕೊಳ್ಳಬೇಡ. ಪಾಠ ಹೇಳುವ ಕನಸಿದ್ದರೆ ಮೂಲ ವಿಷಯದಲ್ಲೇ ಎಂ.ಎ. ಮಾಡು, ಶೇಕಡಾ 55 ದಾಟು.

ಪ್ರಶ್ನೆ (ಹುಬ್ಬಳ್ಳಿ): ಮಗಳು ಹಿಂದೂಸ್ತಾನಿ ಕಲಿಯುತ್ತಾಳೆ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕೆಂದಿದ್ದೇನೆ. ಹುಬ್ಬಳ್ಳಿಯಲ್ಲಿ ಕಚೇರಿ ಎಲ್ಲಿದೆ?

ಉತ್ತರ: ಹುಬ್ಬಳ್ಳಿಯಲ್ಲಿ ಇಲ್ಲ, ಮೈಸೂರಿನಲ್ಲಿದೆ! ಬಾಯಿಯವರು ಬಾಳಿದ್ದು ನಿಮ್ಮೂರಿನಲ್ಲಿ, ಅವರ ಹೆಸರಿನ ವಿಶ್ವವಿದ್ಯಾಲಯ ಅಲ್ಲಿ. ಇಲ್ಲೇ ಓದಿಸಬೇಕೆಂದರೆ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಇದೆ. ಗದಗದ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯವರು ಯಾರು ಎಲ್ಲಿ ಕಲಿಸುತ್ತಿದ್ದಾರೆ ಎಂದು ವಿಚಾರಿಸಿ. ಸಂಗೀತದಲ್ಲಿ ವಿಭಾಗಕ್ಕಿಂತ ಗುರು ಮೊದಲು.

ಪ್ರಶ್ನೆ (ಹುಬ್ಬಳ್ಳಿ ನವನಗರ, ಖಾಸಗಿ ನೌಕರಿ): ನಾನು ಸಂಜೆ ಎಲ್‌ಎಲ್‌ಬಿ ಓದುತ್ತಿದ್ದೇನೆ. ಜೊತೆಗೆ ಮುಕ್ತ ವಿಶ್ವವಿದ್ಯಾಲಯದಿಂದ ಎಂ.ಎ. ಮಾಡಬಹುದೇ?

ಉತ್ತರ: ಯುಜಿಸಿ 2022ರಲ್ಲಿ ಎರಡು ಪದವಿಗಳನ್ನು ಒಟ್ಟಿಗೆ ಓದಲು ಅವಕಾಶ ಕೊಟ್ಟಿದೆ. ಆದರೆ ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಅನ್ವಯಿಸುತ್ತವೆ, ನಿಯತ ತರಗತಿಯ ಎರಡು ಪದವಿಗಳ ವಿಷಯದಲ್ಲಿ ಅವರು ಬಿಗಿ. ದೂರಶಿಕ್ಷಣದ ಬಗ್ಗೆ ಅವರ ನಿಯಮ ಏನು ಹೇಳುತ್ತದೆ ಎಂದು ಕಾಲೇಜಿನಲ್ಲಿ ಮೊದಲು ಕೇಳಿ. ವಕೀಲಿಕೆಯ ಸನ್ನದು ಪಡೆಯುವ ಉದ್ದೇಶವಿದ್ದು ಅನುಮಾನ ಉಳಿದರೆ ಕಾನೂನು ಮುಗಿಸಿಯೇ ಎಂ.ಎ.ಗೆ ಕೈಹಾಕಿ. ಆಗ ಮುಕ್ತ ವಿಶ್ವವಿದ್ಯಾಲಯದ ಧಾರವಾಡದ ಪ್ರಾದೇಶಿಕ ಕೇಂದ್ರದಲ್ಲೇ ವಿಚಾರಿಸಬಹುದು, ಮೈಸೂರಿಗೆ ಹೋಗುವುದು ಬೇಡ.

ಪ್ರಶ್ನೆ (ಲಕ್ಷ್ಮೇಶ್ವರ): ಮೇಡಂ, ಕೊನೆಯ ಪ್ರಶ್ನೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ನನ್ನದು. ಧಾರವಾಡದಲ್ಲಿ ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕರೆ ಏನೇನು ಕಾಗದ ಬೇಕು?

ಉತ್ತರ: ಬೇರೆ ವಿಶ್ವವಿದ್ಯಾಲಯದವಳಾದ್ದರಿಂದ ವಲಸೆ ಪ್ರಮಾಣಪತ್ರ ಬೇಕು. ಅದಕ್ಕೆ ಬೆಳಗಾವಿಗೆ ಈಗಲೇ ಅರ್ಜಿ ಹಾಕು, ಸೀಟು ಸಿಗುವವರೆಗೆ ಕಾಯಬೇಡ. ವರ್ಗಾವಣೆ ಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೂಲಪ್ರತಿಯೊಂದಿಗೆ ಇರಲಿ. ಅಂಕಪಟ್ಟಿಯಲ್ಲಿ, ಆಧಾರಿನಲ್ಲಿ, ಹತ್ತನೆಯ ತರಗತಿಯ ಪಟ್ಟಿಯಲ್ಲಿ ಹೆಸರಿನ ಇನಿಷಿಯಲ್ ಹಿಂದೆಮುಂದೆ ಆಗಿದ್ದರೆ ಅದನ್ನು ಮೊದಲು ಸರಿಪಡಿಸಿಕೋ. ಪದವಿಯಲ್ಲಿ ಅರ್ಥಶಾಸ್ತ್ರ ಎಲ್ಲ ವರ್ಷ ಓದಿದ್ದೀಯೋ, ಒಂದೆರಡು ಸೆಮಿಸ್ಟರ್ ಮಾತ್ರವೋ ಎಂಬುದನ್ನು ಪ್ರವೇಶ ಅಧಿಸೂಚನೆಯ ಅರ್ಹತೆಯ ಸಾಲಿನೊಂದಿಗೆ ಹೋಲಿಸಿ ನೋಡು. ಮೂಲ ಕಾಗದ ಒಪ್ಪಿಸುವ ಮುನ್ನ ಪ್ರತಿಯೊಂದರ ನಕಲು ತೆಗೆದಿಟ್ಟುಕೋ, ಸ್ವೀಕೃತಿಗೆ ಮೊಹರು ಹಾಕಿಸಿಕೊಂಡೇ ಕೌಂಟರ್ ಬಿಡು.